ಪ್ರೀತಿಯ ಇವರಿಗೆ

ಬಾಡಿಗೆ ಕೋಣೆ, ಮೂರನೇ ಮಹಡಿ
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಎಡಗಿವಿಗೆ ಹಾಕುವ ಔಷಧಿ ಮುಗಿದಿತ್ತಲ್ಲ, ತಂದುಕೊಂಡಿರಾ, ಇಲ್ಲ ಖಾಲಿ ಸೀಸೆಯನ್ನೇ ಕಿಟಕಿಯಲ್ಲಿಟ್ಟು ನೋಡುತ್ತಾ ಕೂತಿದ್ದೀರಾ? ಟರ್ಪೆಂಟೈನ್ ವಾಸನೆಗೆ ಕೆಮ್ಮು ಬರುತ್ತದೆಂದು ಗೊತ್ತಿದ್ದೂ ಬಾಗಿಲು ಹಾಕಿಕೊಂಡು ಬೋರ್ಡ್ ಬರೆಯುವ ಚಾಳಿ ಬಿಟ್ಟಿರೋ ಇಲ್ಲವೋ. ಏಣಿ ಹತ್ತುವಾಗ ಕೆಳಗೆ ಹಿಡಿಯಲು ಯಾರನ್ನಾದರೂ ನಿಲ್ಲಿಸಿಕೊಳ್ಳಿ. ಪಕ್ಕದ ಸೈಕಲ್ ಅಂಗಡಿಯವರು ಪಂಚರ್ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಾ ಕೂತಿರುತ್ತಾರಲ್ಲ, ಐದು ನಿಮಿಷ ಏಣಿ ಹಿಡಿದರೆ ಅವರ ಗಂಟೇನೂ ಹೋಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಬರೀ ಹಾಗೆ ಬರೆದರೆ ನೀವು ನಂಬುವುದಿಲ್ಲ, ಅದಕ್ಕೇ ಪೂರ್ತಿ ಹೇಳುತ್ತೇನೆ: ಬೆನ್ನು ಸ್ವಲ್ಪ ನೋಯುತ್ತದೆ, ಊಟ ಸೇರುತ್ತದೆ, ನಿದ್ದೆ ಮಾತ್ರ ಈ ವಾರ ಅಷ್ಟಕ್ಕಷ್ಟೆ.

ಲಾಂಡ್ರಿಯಲ್ಲಿ ನನ್ನನ್ನು ಒಗೆಯುವ ಯಂತ್ರದ ಕಡೆಯಿಂದ ಮಡಿಸುವ ಮೇಜಿನ ಕಡೆಗೆ ಹಾಕಿದ್ದಾರೆ. ಆಸ್ಪತ್ರೆಯ ಬೆಡ್‌ಶೀಟು ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ಎದುರಿಗೆ ಇನ್ನೊಬ್ಬರು ಬೇಕು. ಇಬ್ಬರೂ ಎರಡೆರಡು ಮೂಲೆ ಹಿಡಿದು, ಒಮ್ಮೆ ಜಾಡಿಸಿ, ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ನನ್ನ ಎದುರಿಗಿರುವವರನ್ನು ಎಲ್ಲರೂ ಕಾಗದದಕ್ಕ ಅಂತ ಕರೆಯುತ್ತಾರೆ. ನಮ್ಮ ಭಾಷೆಯವರೇ. ಯಜಮಾನರನ್ನು ಈ ದೇಶಕ್ಕೆ ಕರೆಸಿಕೊಳ್ಳಲು ಏಳು ವರ್ಷ ಅರ್ಜಿ ಹಾಕಿ ಹಾಕಿ ಪಳಗಿದವರು. ನಿಮ್ಮನ್ನು ಕರೆಸಿಕೊಳ್ಳುವ ನಮ್ಮ ಅರ್ಜಿಯನ್ನು ತುಂಬಿಕೊಟ್ಟವರೂ ಅವರೇ. ಮಾತಾಡುವುದೂ ಬಟ್ಟೆ ಮಡಿಸಿದ ಹಾಗೆಯೇ, ಹತ್ತಿರ ಬಂದಾಗ ಒಂದು ಮಾತು, ಹಿಂದಕ್ಕೆ ಹೋಗುವಾಗ ಸುಮ್ಮನೆ. ಒಂದು ಸುದ್ದಿ ಮುಗಿಯಲು ಇಪ್ಪತ್ತು ಬೆಡ್‌ಶೀಟು ಬೇಕು. ಆ ಏಳು ವರ್ಷದ ಕೊನೆಗೆ ಅವರ ಯಜಮಾನರು ಬಂದರಾ ಅಂತ ಕೇಳಲು ನನಗಿನ್ನೂ ಧೈರ್ಯ ಬಂದಿಲ್ಲ.

ಸರಿ, ಸುತ್ತಿ ಬಳಸಿದ್ದು ಸಾಕು. ಮಂಗಳವಾರ ವೀಸಾ ಕಚೇರಿಯಿಂದ ಕಾಗದ ಬಂತು. ಗಾಬರಿಯಾಗಬೇಡಿ, ಇಲ್ಲ ಅಂದಿಲ್ಲ. ಹೌದು ಅಂತಲೂ ಅಂದಿಲ್ಲ. ನಮ್ಮ ಮದುವೆ ನಿಜವಾದ ಮದುವೆ ಅಂತ ಅವರಿಗೆ ಮನವರಿಕೆಯಾಗಿಲ್ಲವಂತೆ. ಮೂವತ್ತು ದಿನದೊಳಗೆ ಮನವರಿಕೆ ಮಾಡಿಕೊಡಬೇಕು, ಇಲ್ಲದಿದ್ದರೆ ಅರ್ಜಿ ಮುಚ್ಚುತ್ತಾರೆ. ಮುಚ್ಚಿದರೆ ಇನ್ನೊಂದು ಹಾಕಲು ಐದು ವರ್ಷ ಕಾಯಬೇಕು. ಐದು ವರ್ಷಕ್ಕೆ ನಿಮಗೆ ಐವತ್ತಮೂರು, ನನಗೆ ನಲವತ್ತೆಂಟು. ಮದುವೆಯಾಗಿ ಎರಡು ವರ್ಷದಲ್ಲಿ ನಾವು ಒಂದೇ ಸೂರಿನಡಿ ಇದ್ದದ್ದು ನಾಲ್ಕು ತಿಂಗಳು. ಉಳಿದದ್ದೆಲ್ಲ ಕಾಗದದಲ್ಲೇ ಸಂಸಾರ. ಆ ಕಾಗದಗಳೇ ಸಾಕ್ಷಿ ಅಂದುಕೊಂಡು ನೀವು ಜೋಪಾನ ಮಾಡಿ ಕವರಿನ ಸಮೇತ ಕಳಿಸಿಕೊಟ್ಟಿದ್ದ ನನ್ನ ಮೂವತ್ತೆಂಟು ಕಾಗದ, ನನ್ನ ಪೆಟ್ಟಿಗೆಯಲ್ಲಿದ್ದ ನಿಮ್ಮ ಮೂವತ್ತು ಕಾಗದ ಎಲ್ಲವನ್ನೂ ಭಾಷಾಂತರ ಮಾಡಿಸಿ ಕೊಟ್ಟಿದ್ದೆವಲ್ಲ, ಅವೇ ಈಗ ನಮ್ಮ ಕೊರಳಿಗೆ ಸುತ್ತಿಕೊಂಡಿವೆ.

ಕೇಳಿ ಚೋದ್ಯವನ್ನು. ಪ್ರತಿ ಕಾಗದದಲ್ಲೂ ನಾನು ‘ಪ್ರೀತಿಯ ಇವರಿಗೆ’ ಅಂತ ಶುರು ಮಾಡುತ್ತೇನಲ್ಲ, ಭಾಷಾಂತರದವನು ಅದನ್ನು ‘ಪ್ರೀತಿಯ ಈ ಜನರಿಗೆ’ ಅಂತ ಮಾಡಿಟ್ಟಿದ್ದಾನೆ. ‘ನೀವು’ ಅಂತ ಬರೆದದ್ದಕ್ಕೂ ‘ನೀವೆಲ್ಲರೂ’ ಅಂತಲೇ. ಕಾಗದದಕ್ಕ ಓದಿ ಹೇಳಿದಾಗ ಬೆಡ್‌ಶೀಟು ಕೈಯಿಂದ ಜಾರಿತು. ಈ ಹೆಂಗಸು ಯಾರ್ಯಾರಿಗೆ ಬರೆಯುತ್ತಾಳೆ, ಅರ್ಜಿಯಲ್ಲಿ ಒಬ್ಬ ಗಂಡ, ಕಾಗದದಲ್ಲಿ ಮನೆ ತುಂಬ ಜನ ಅಂತ ಕಚೇರಿಯವರು ಕೇಳಿದ್ದಾರೆ. ಇಷ್ಟು ಜನಕ್ಕೂ ಒಟ್ಟಿಗೇ ಎಡಗಿವಿ ಕೇಳಿಸದೆ ಹೋಯಿತೇ ಅಂತ ಅವರಿಗೆ ಅನ್ನಿಸಿರಬೇಕು ಪಾಪ. ನೀನು ಅಂತ ಬರೆದಿದ್ದರೆ ನೀವು ಒಬ್ಬರೇ ಆಗಿರುತ್ತಿದ್ದಿರಿ. ಮರ್ಯಾದೆ ಕೊಟ್ಟಿದ್ದೇ ತಪ್ಪಾಯಿತು ನೋಡಿ.

ಎರಡನೆಯದು ಇನ್ನೂ ಚೆನ್ನಾಗಿದೆ. ನಿಮ್ಮ ಅಂಗಡಿಗೆ ನಂಬರಿಲ್ಲ, ಪೋಸ್ಟಿನವರಿಗೆ ಗೊತ್ತಿರುವುದು ಸೈಕಲ್ ಅಂಗಡಿ ಒಂದೇ ಅಂತ ನಾನು ಕವರಿನ ಮೇಲೆ ಅವರ ಹೆಸರನ್ನೇ ಬರೆಯುತ್ತಿದ್ದೆ. ಈಗ ಕಚೇರಿಯವರ ಪ್ರಶ್ನೆ, ಇಷ್ಟೆಲ್ಲ ಪ್ರೀತಿ ಸುರಿದು ಬರೆದ ಕಾಗದ ಬೇರೆ ಗಂಡಸಿನ ಹೆಸರಿಗೆ ಯಾಕೆ ಹೋಗುತ್ತದೆ? ಸೈಕಲ್ ಅಂಗಡಿಯವರ ಹೆಂಡತಿಗೆ ಇದನ್ನು ಹೇಳಬೇಡಿ, ಆಮೇಲೆ ಏಣಿ ಹಿಡಿಯಲೂ ಯಾರೂ ಬರುವುದಿಲ್ಲ. ಮೂರನೆಯದು, ಅರವತ್ತೆಂಟು ಕಾಗದದಲ್ಲಿ ನಿಮ್ಮ ಹೆಸರಾಗಲಿ ನನ್ನ ಹೆಸರಾಗಲಿ ಒಂದು ಸಲವೂ ಇಲ್ಲ. ಊರಿನವರ ಹೆಸರನ್ನೆಲ್ಲ ಗೇಣುದ್ದದ ಅಕ್ಷರದಲ್ಲಿ ಬರೆದವರು ನೀವು, ನನ್ನನ್ನು ಮಾತ್ರ ‘ಇವಳೇ’ ಅಂತ ಮುಗಿಸಿಬಿಟ್ಟಿರಿ. ಮದುವೆಯ ಆ ಒಂದು ಫೋಟೋ ಕೂಡ ಉಪಯೋಗಕ್ಕೆ ಬರಲಿಲ್ಲ. ಫೋಟೋದವನು ಎಡಗಡೆಯಿಂದ ಕೂಗಿದ, ನಿಮಗೆ ಕೇಳಿಸಲಿಲ್ಲ, ನೀವು ರಿಜಿಸ್ಟ್ರಾರ್ ಕಚೇರಿಯ ಬೋರ್ಡಿನ ಅಕ್ಷರ ನೋಡುತ್ತಾ ನಿಂತಿದ್ದೀರಿ. ಮುಖ ಸ್ಪಷ್ಟವಿಲ್ಲ ಅಂತ ಬರೆದಿದ್ದಾರೆ. ನಾಲ್ಕನೆಯದೂ ಒಂದಿದೆ, ಅದೇನು ಅಂಥದ್ದಲ್ಲ, ಬಿಡಿ.

ನಾವು ಹೆಸರು ಹಿಡಿದು ಕರೆಯುವ ಪ್ರಸಂಗವಾದರೂ ಯಾವಾಗ ಬಂದಿತ್ತು ಹೇಳಿ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಮಂದ, ಕರೆದರೆ ನಿಮಗೆ ಕೇಳಿಸುವುದಿಲ್ಲ. ಊಟಕ್ಕೆ ಏಳಬೇಕಾದರೆ ನಾನು ಬಣ್ಣದ ಡಬ್ಬಿಯ ಮೇಲೆ ಚಮಚದಿಂದ ಎರಡು ಸಲ ಬಡಿಯುತ್ತಿದ್ದೆ, ನೀವು ಏಣಿಯ ಮೇಲಿದ್ದರೆ ಏಣಿಗೇ ಬಡಿಯುತ್ತಿದ್ದೆ. ಆ ಸದ್ದು ನಿಮ್ಮ ಕಾಲಿಗೆ ತಿಳಿಯುತ್ತಿತ್ತು, ತಿರುಗಿ ನೋಡಿ ನಗುತ್ತಿದ್ದಿರಿ. ಈ ಡಬ್ಬಿ ಬಡಿಯುವುದನ್ನು ಯಾವ ನಮೂನೆಯಲ್ಲಿ ತುಂಬಲಿ ಅಂತ ಕಾಗದದಕ್ಕನನ್ನು ಕೇಳಿದೆ. ಅವರಿಗೂ ನಗು ಬಂತು, ಆಮೇಲೆ ಇಬ್ಬರಿಗೂ ನಗಲಾಗಲಿಲ್ಲ.

ಹಾಗಾದರೆ ಇನ್ನು ಮೇಲೆ ಹೆಸರು ಬರೆದೇ ಕಾಗದ ಬರೆದರಾಯಿತಲ್ಲ ಅಂದೆ. ಕಾಗದದಕ್ಕ ಮೂಲೆ ಹಿಡಿದು ಹತ್ತಿರ ಬಂದು, “ಈಗ ಬರೆದ್ರೆ ಕಚೇರಿಗೋಸ್ಕರ ಬರೆದಿದ್ದು ಅಂತಾರೆ ಕಣಮ್ಮ” ಅಂದರು. ಹೆಸರಿಲ್ಲದಿದ್ದರೆ ಸಾಕ್ಷಿಯಲ್ಲ, ಹೆಸರಿದ್ದರೆ ನಾಟಕ. ನಾನೇ ಎದ್ದು ಬಂದುಬಿಡೋಣವೆಂದರೆ, ಅರ್ಜಿ ನಡೆಯುವಾಗ ಇಲ್ಲಿಂದ ಕಾಲು ತೆಗೆದರೆ ಅರ್ಜಿಯೂ ಬಿತ್ತು, ನನ್ನ ಕೆಲಸದ ಪರವಾನಗಿಯೂ ಬಿತ್ತು. ಬಂದು ಮಾಡುವುದಾದರೂ ಏನು, ಬೋರ್ಡುಗಳೆಲ್ಲ ಯಂತ್ರದಲ್ಲಿ ಅಚ್ಚಾಗಿ ಬರುವ ಕಾಲದಲ್ಲಿ ನಿಮ್ಮ ಕುಂಚವನ್ನು ಕೇಳುವವರು ತಿಂಗಳಿಗೆ ಒಬ್ಬರೋ ಇಬ್ಬರೋ ಅಂತ ನೀವೇ ಅಲ್ಲವೇ ನನ್ನನ್ನು ಕಳಿಸಿದ್ದು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುತ್ತಿಲ್ಲ. ವೀಸಾ ಕಚೇರಿಯ ಕಿಟಕಿಯ ಹಿಂದಿನ ಅಧಿಕಾರಿ ಕೆಟ್ಟವರೇನಲ್ಲ, ಸಂದರ್ಶನದ ದಿನ ನಾನು ಕೆಮ್ಮಿದಾಗ ನೀರು ಕೊಟ್ಟರು. ಅವರಿಗೆ ನಾವು ಅರ್ಥವಾಗುವುದಿಲ್ಲ, ಅಷ್ಟೆ. ಅರ್ಥ ಮಾಡಿಸುವ ಮಾತು ನನ್ನ ಹತ್ತಿರ ಇಲ್ಲ. ಕೈಕಾಲು ಕಟ್ಟಿ ಕೂರಿಸಿದ ಹಾಗಾಗಿದೆ ರೀ.

ನಿಮ್ಮಿಂದ ಆಗಬೇಕಾದ್ದು ಇಷ್ಟು. ಮದುವೆಗೆ ಸಾಕ್ಷಿ ಹಾಕಿದ ನಿಮ್ಮ ಅಕ್ಕ ಭಾವ ಇಬ್ಬರಿಂದಲೂ ಒಂದೊಂದು ಹೇಳಿಕೆ ಬರೆಸಿ. ನಿಮ್ಮ ಅಕ್ಕ ಅಳು ಸೇರಿಸಿ ಬರೆಯುವುದು ಬೇಡ, ತಾರೀಖು ಸೇರಿಸಿದರೆ ಸಾಕು. ಕವರಿನ ವಿಚಾರಕ್ಕೆ ಸೈಕಲ್ ಅಂಗಡಿಯವರೂ ನಾಲ್ಕು ಸಾಲು ಬರೆದುಕೊಡಲಿ. ಹೊಟ್ಟೆ ತುಂಬ ಊಟ ಮಾಡಿ, ಬಿಸಿಲಿನಲ್ಲಿ ಗೋಡೆ ಬರೆಯುವ ಕೆಲಸ ಒಪ್ಪಿಕೊಳ್ಳಬೇಡಿ, ಒಪ್ಪಿಕೊಂಡರೆ ತಲೆಗೆ ಟವಲ್ಲಾದರೂ ಸುತ್ತಿಕೊಳ್ಳಿ. ನಿಮ್ಮ ಅಕ್ಕನವರಿಗೆ, ಭಾವನವರಿಗೆ ನನ್ನ ನಮಸ್ಕಾರ. ನೀವು ದೇವರಿಗೆ ಕೈ ಮುಗಿಯುವವರಲ್ಲ, ನಿಮ್ಮ ಪಾಲಿನದನ್ನೂ ನಾನೇ ಮುಗಿಯುತ್ತಿದ್ದೇನೆ.

ನಿಮ್ಮ
ಇವಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಮುಖವಿರಲಿಲ್ಲ. ಸಂದರ್ಶನ ಚೆನ್ನಾಗಿ ಆಯಿತು ಅಂತ ಹೋದ ತಿಂಗಳು ಬರೆದದ್ದು ಸುಳ್ಳು. ಆ ನಾಲ್ಕನೆಯದು ಅದೇ. ಗಂಡನ ಹೆಸರು ಹೇಳಿ ಅಂದರು. ನಾನು ಅರ್ಜಿಯಲ್ಲಿದ್ದ ನಿಮ್ಮ ಹೆಸರಿನ ಮೇಲೆ ಬೆರಳಿಟ್ಟೆ. ಬಾಯಲ್ಲಿ ಹೇಳಿ ಅಂದರು. ಬಾಯಿಯವರೆಗೂ ಬಂತು, ಹೇಳಲಾಗಲಿಲ್ಲ. ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುತ್ತದೆ ಅಂತ ಅಜ್ಜಿ ಹೇಳುತ್ತಿದ್ದದ್ದನ್ನು ನಾನು ನಂಬುವವಳಲ್ಲ. ಆದರೂ ನಲವತ್ತೊಂದನೇ ವಯಸ್ಸಿಗೆ ಸಿಕ್ಕ ಗಂಡ, ಯಾಕೆ ಸುಮ್ಮನೆ ಅನ್ನಿಸಿತು. ಹೆಂಡತಿಗೆ ಗಂಡನ ಹೆಸರೇ ಗೊತ್ತಿದ್ದಂತಿಲ್ಲ ಅಂತ ಬರೆದುಕೊಂಡಿದ್ದಾರೆ. ತಪ್ಪು ನನ್ನದು, ಕ್ಷಮಿಸಿ.

ಇನ್ನು ಒಂದೇ ದಾರಿಯಂತೆ. ನಿಮ್ಮ ಹೆಸರಿಗೆ, ನಿಮ್ಮ ವಿಳಾಸಕ್ಕೆ ರಿಜಿಸ್ಟರ್ ಕಾಗದ ಹೋಗಿ, ನೀವು ಸಹಿ ಹಾಕಿದ ಚೀಟಿ ವಾಪಸು ಬಂದರೆ ಅದನ್ನು ಒಪ್ಪಬಹುದು. ಅದಕ್ಕೆ ಈ ಕವರಿನ ಮೇಲೆ ಮೊದಲ ಸಲ ಸೈಕಲ್ ಅಂಗಡಿಯವರ ಹೆಸರು ಬಿಟ್ಟು ನಿಮ್ಮ ಹೆಸರನ್ನೇ ಬರೆದಿದ್ದೇನೆ. ಬರೆಯುವಾಗ ಬಾಯಲ್ಲೂ ಹೇಳಿ ನೋಡಿದೆ, ಮೂರನೇ ಸಲಕ್ಕೆ ಬಂತು, ಕೇಳುವವರು ಯಾರೂ ಇರಲಿಲ್ಲ. ಪೋಸ್ಟ್ ಬರುವ ಹೊತ್ತಿಗೆ ದಿನಾ ಅಂಗಡಿಯ ಬಾಗಿಲಲ್ಲಿ ನಿಂತಿರಿ ಅಂತ ಇವತ್ತು ಸಂಜೆ ಸೈಕಲ್ ಅಂಗಡಿಯ ಫೋನಿಗೆ ಮಾಡಿ ಕಿರುಚಿ ಹೇಳುತ್ತೇನೆ. ನಿಮಗೆ ಎಷ್ಟು ಕೇಳಿಸುತ್ತದೋ. ಪೋಸ್ಟಿನವನು ಬೀದಿಯಲ್ಲಿ ನಿಂತು ನಿಮ್ಮ ಹೆಸರನ್ನು ಕೂಗುತ್ತಾನೆ, ಡಬ್ಬಿ ಬಡಿಯುವುದು ಅವನಿಗೆ ಗೊತ್ತಿಲ್ಲ. ಇಂಥ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ ಮುದ್ರೆ ಹಾಕಿ ಇದನ್ನು ನನಗೇ ತಿರುಗಿಸಿ ಕಳಿಸಿದರೆ, ಆ ಕಿಟಕಿಯ ಮುಂದೆ ನಿಂತು ನಾನು ಏನಂತ ಹೇಳಲಿ?