ಟಿಕ್ಕಿನ ಕೆಳಗಿನ ನಂಬರ್

ಪುಟ್ಟೇನಹಳ್ಳಿ, ಯಲಹಂಕ
೨೨ ಫೆಬ್ರವರಿ ೨೦೨೬, ಭಾನುವಾರ

ಪ್ರೀತಿಯ ಯಜಮಾನರೇ,

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಪುಣೆ ಹತ್ತಿರದ ಆ ಚಾಕಣದ ಮೆಸ್ಸಿನಲ್ಲಿ ದಿನಾ ಚಪಾತಿಯೇ ಅಂತ ಗೊಣಗುತ್ತಿದ್ದಿರಿ, ಅದಕ್ಕೆ ಅತ್ತೆ ರಾಗಿ ಹುರಿಹಿಟ್ಟು ಮಾಡಿ ಕೊಟ್ಟಿದ್ದಾರೆ. ಇದೇ ಪಾರ್ಸಲ್ಲಿನಲ್ಲಿದೆ. ನಾವೆಲ್ಲ ಆರಾಮಾಗಿದ್ದೇವೆ. ಫೋನು ಬಿಟ್ಟು ಇದೇನು ಕಾಗದ ಅಂತ ಹುಬ್ಬು ಏರಿಸಬೇಡಿ. ಫೋನಿನಲ್ಲಿ ನೀವು ನನಗೆ ಮಾತು ಮುಗಿಸಲು ಎಲ್ಲಿ ಬಿಡುತ್ತೀರಿ? ಕಾಗದದ ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ.

ನಮ್ಮ ಕಾರ್ಖಾನೆಯಲ್ಲಿ ಚುನಾವಣೆ ಆಯಿತು ರೀ. ಕಾರ್ಮಿಕರ ಪರವಾಗಿ ಕಂಪನಿಯ ಜೊತೆ ಮಾತಾಡುವ ಹಕ್ಕು ಯಾವ ಸಂಘಕ್ಕೆ ಅಂತ. ಕಂಪನಿಯವರಿಗೆ ಬೇಕಾದ ಹಳೇ ಸಂಘಕ್ಕೆ ಗಡಿಯಾರದ ಗುರುತು, ನಮ್ಮ ಹೆಂಗಸರೇ ಕಟ್ಟಿದ ಹೊಸ ಸಂಘಕ್ಕೆ ಕೊಡೆ. ಪೀಣ್ಯದ ಕಾರ್ಖಾನೆಯಲ್ಲಿ ಸಂಘ ಬೇಕೆನ್ನುವವರು ಯಾರು ಅಂತ ನಿಮ್ಮನ್ನು ಕೈ ಎತ್ತಿಸಿ ಎಣಿಸಿದರಲ್ಲ, ಕೈ ಎತ್ತಿದವರೆಲ್ಲ ವಾರದೊಳಗೆ ಗೇಟಿನ ಹೊರಗಿದ್ದಿರಲ್ಲ, ಇಲ್ಲಿ ಹಾಗೆ ಮಾಡಲಿಲ್ಲ. ಕಾರ್ಮಿಕ ಇಲಾಖೆಯಿಂದ ಒಬ್ಬರು ಅಧಿಕಾರಿ ಮೇಡಂ ಬಂದು, ಕ್ಯಾಂಟೀನಿನಲ್ಲಿ ಪರದೆ ಕಟ್ಟಿಸಿ, ಬೀಗ ಹಾಕಿದ ಡಬ್ಬಿ ಇಟ್ಟು ಗುಟ್ಟಾಗಿ ಮತ ಹಾಕಿಸಿದರು. ಅತ್ತೆಗೆ ಹೇಳಿದರೆ, “ಬೆರಳಿಗೆ ಮಸೀನೇ ಇಲ್ಲ, ಇಂಗೂ ಎಲೆಕ್ಷನ್ ಆಯ್ತದಾ?” ಅಂತ ನನ್ನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು. ನೀವು ಹೊರಟ ದಿನ ಯಶವಂತಪುರ ಸ್ಟೇಷನ್ನಿನಲ್ಲಿ, ಸಂಘದ ತಂಟೆಗೆ ಹೋಗಬೇಡ ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದು ಮರೆತಿಲ್ಲ. ಎಣಿಕೆಯ ದಿನ ಗುಂಪಿನ ಹಿಂದೆಯೇ ನಿಂತಿದ್ದೆ.

ಆದರೆ ನಮ್ಮ ಚೆಕಿಂಗ್ ಸೆಕ್ಷನ್ನಿನವರು ಎಂಥಾ ಎಡವಟ್ಟು ಮಾಡಿದರು ಗೊತ್ತಾ? ನಿಮಗೆ ಗೊತ್ತಲ್ಲ, ಕಾರಿನ ವೈರಿನ ಕಟ್ಟು ಚೆಕ್ ಮಾಡಿ, ಸರಿಯಿದ್ದರೆ ಅದರ ಚೀಟಿಗೆ ಒಂದು ಟಿಕ್, ಟಿಕ್ಕಿನ ಕೆಳಗೆ ಚೆಕ್ ಮಾಡಿದವಳ ನಂಬರ್. ದಿನಕ್ಕೆ ಮುನ್ನೂರು ಸಲ, ವರ್ಷಗಟ್ಟಲೆ. ಮತದ ಚೀಟಿ ಸಿಕ್ಕಾಗಲೂ ಕೈ ತನ್ನ ಪಾಡಿಗೆ ಅದನ್ನೇ ಮಾಡಿದೆ. ಕೊಡೆಯ ಮುಂದೆ ಟಿಕ್, ಕೆಳಗೆ ನಂಬರ್! ಗುಟ್ಟಿನ ಮತಕ್ಕೆ ವಿಳಾಸ ಬರೆದು ಕೊಟ್ಟ ಹಾಗಾಯಿತು. ಅಂಥವು ಹದಿನೇಳು. ಉಳಿದದ್ದರಲ್ಲಿ ಗಡಿಯಾರಕ್ಕೆ ೧೯೯, ಕೊಡೆಗೆ ೧೯೬. ಹದಿನೇಳನ್ನು ಸೇರಿಸಿದರೆ ಕೊಡೆ ಗೆಲ್ಲುತ್ತಿತ್ತು, ಬಿಸಾಡಿದರೆ ಸೋಲುತ್ತಿತ್ತು.

ಕಂಪನಿಯ ವಕೀಲರು ಎದ್ದು, ಆ ನಂಬರಿನವರನ್ನೆಲ್ಲ ಮುಂದೆ ಕರೆಸಿ ವಿಚಾರಿಸಬೇಕು ಅಂದರು. ನನ್ನ ಪಕ್ಕದ ಟೇಬಲ್ಲಿನ ಫರೀದಾ ನನ್ನ ಕೈ ಹಿಡಿದುಕೊಂಡಳು. ಅಷ್ಟು ಹೊತ್ತಿಗೆ ಮೇಡಂ ಹದಿನೇಳನ್ನೂ ಮಗುಚಿ ಹಾಕಿ ಮೇಲೆ ಅಂಗೈ ಇಟ್ಟುಬಿಟ್ಟಿದ್ದರು. ಸಣ್ಣ ಆಳು ರೀ. ಏಳನೇ ಕ್ಲಾಸಿನ ನಮ್ಮ ಸರಳಾಳಿಗಿಂತ ನಾಲ್ಕು ಬೆರಳು ಎತ್ತರ ಇರಬಹುದು, ಅಷ್ಟೇ. “ಈ ನಂಬರ್ ಯಾರದು ಅಂತ ನಾನು ವಿಚಾರಿಸೋದಿಲ್ಲ. ನೀವೂ ವಿಚಾರಿಸಕೂಡದು” ಅಂದರು. ದನಿ ಕೂಡ ಎತ್ತಲಿಲ್ಲ. ಚೀಟಿಗಳನ್ನು ಕವರಿಗೆ ಹಾಕಿ, ಎಲ್ಲರ ಎದುರಿಗೇ ಅರಗು ಕರಗಿಸಿ ಸೀಲು ಒತ್ತಿದರು. ನಮ್ಮಂಥವರ ಗುಟ್ಟು ಕಾಯಲು ಸರ್ಕಾರದಲ್ಲಿ ಒಬ್ಬರು ಇರುತ್ತಾರೆ ಅಂತ ನಾನು ಈ ಜನ್ಮದಲ್ಲಿ ಅಂದುಕೊಂಡಿರಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಕಣ್ಣು ತುಂಬುತ್ತದೆ.

ವಾರದ ಮೇಲೆ ಅವರ ಆದೇಶವನ್ನು ಗೇಟಿನ ಬೋರ್ಡಿಗೆ ಅಂಟಿಸಿದರು. ನಾಲ್ಕು ಸಲ ಓದಿದೆ. ನಂಬರಿರುವ ಚೀಟಿ ಎಣಿಸಿದರೆ ಗುಟ್ಟು ಒಡೆಯುತ್ತದೆ, ಕೈತಪ್ಪಿಗೆ ಮತವನ್ನೇ ಕಿತ್ತುಕೊಂಡರೆ ಅನ್ಯಾಯವಾಗುತ್ತದೆ. ಹಾಗಾಗಿ ೪೧೨ ಜನರೂ ಮತ್ತೆ ಮತ ಹಾಕಬೇಕು, ಈ ಸಲ ಪೆನ್ನಿಲ್ಲ, ರಬ್ಬರ್ ಸ್ಟಾಂಪು. ಮೊನ್ನೆ ಶುಕ್ರವಾರ ಹಾಕಿದೆವು. ಕೊಡೆಗೆ ೨೪೪, ಗಡಿಯಾರಕ್ಕೆ ೧೬೮! ಹೆದರಿ ಗಡಿಯಾರಕ್ಕೆ ಹಾಕಿದ್ದವರೆಲ್ಲ ಆ ಅಂಗೈ ನೋಡಿ ಧೈರ್ಯ ಮಾಡಿದ್ದಾರೆ ಕಣ್ರೀ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಸರಳಾ ಮುತ್ತು ಕಳಿಸಿದ್ದಾಳೆ. ಹುರಿಹಿಟ್ಟಿನ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಡಿ, ಇರುವೆ ಬಂದಾವು.

ನಿಮ್ಮ
ರಾಧಾಮಣಿ

ಮತ್ತೊಂದು ಮಾತು: ಇದನ್ನು ಬರೆಯಲೆಂದೇ ಕಾಗದ ತೆಗೆದುಕೊಂಡವಳು ಇಲ್ಲಿಯವರೆಗೆ ಏನೇನೋ ಬರೆದೆ. ಆ ಹದಿನೇಳರಲ್ಲಿ ಒಂದು ನನ್ನದು. ಡಬ್ಬಿಗೆ ಹಾಕಿ ಹೊರಗೆ ಬಂದ ಮೇಲೆ ಹೊಳೆಯಿತು. ಗೇಟಿನ ಹೊರಗೆ ನಿಂತಿದ್ದ ನಿಮ್ಮ ಮುಖವೇ ವಾರವೆಲ್ಲ ಕಣ್ಣ ಮುಂದೆ. ಆದರೂ ಶುಕ್ರವಾರ ಮತ್ತೆ ಕೊಡೆಗೇ ಒತ್ತಿದೆ. ಮಾರ್ಚ್ ಎರಡು, ಸೋಮವಾರ, ಕಂಪನಿಯ ಜೊತೆ ಮಾತಿಗೆ ಕೂರುವ ಐವರಲ್ಲಿ ನನ್ನ ಹೆಸರನ್ನೂ ಬರೆದಿದ್ದಾರೆ, ನಾನು ಹೂಂ ಅಂದಿದ್ದೇನೆ. ನಿಮಗೆ ಕೊಟ್ಟ ಮಾತು ಮುರಿದೆ, ಬೈಯಿರಿ. ಆದರೆ ಕಾಗದ ಸಿಕ್ಕ ದಿನವೇ ಫೋನ್ ಮಾಡಿ, ಅಲ್ಲಿ ಕೂತು ಮೊದಲು ಏನು ಕೇಳಬೇಕು ಅಂತ ಹೇಳಿಕೊಟ್ಟು, ಆಮೇಲೆ ಬೈಯಿರಿ.