ಬರ್ತೀನಿ ಅಂದದ್ದು

ಶ್ಯಾಂಟಿಲಿ, ೧೬ ಫೆಬ್ರವರಿ ೨೦೨೪, ಶುಕ್ರವಾರ

ಆ ಮಾತು ಯಾಕಾದರೂ ಬಾಯಿಗೆ ಬಂತೋ! ಪಿಎಚ್‌ಡಿ ಸಂದರ್ಶನ ಚೆನ್ನಾಗಿಯೇ ಮುಗಿದಿತ್ತು. ಬಾಗಿಲ ಬಳಿ ಪ್ರೊಫೆಸರ್ ಕೈಕುಲುಕಿದಾಗ, ನೆಂಟರ ಮನೆಯಿಂದ ಹೊರಡುವವಳ ಹಾಗೆ 'ಬರ್ತೀನಿ' ಅನ್ನುವುದನ್ನೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: "ಓಕೆ, ಐ ವಿಲ್ ಕಮ್." ಆಕೆ ನಕ್ಕು, ಇನ್ನೂ ಏನೂ ತೀರ್ಮಾನವಾಗಿಲ್ಲ ಎಂದರು.

ಸಂಜೆ ಅವರಿಗೆ ಥ್ಯಾಂಕ್ಯೂ ಮೇಲ್ ಬರೆಯಲು ಕೂತೆ. ಥ್ಯಾಂಕ್ಸ್ ಒಂದೇ ಸಾಲು. ಉಳಿದದ್ದೆಲ್ಲ, ನಮ್ಮಲ್ಲಿ ಹೊರಡುವಾಗ 'ಹೋಗ್ತೀನಿ' ಅನ್ನುವುದಿಲ್ಲ ಎಂಬ ವಿವರಣೆ. ಮಗಳು ಇಂಚರಾ ಇಣುಕಿ ನೋಡಿದಳು.

"ಅಮ್ಮಾ, ನೋ! ಜಸ್ಟ್ ಸೇ ಥ್ಯಾಂಕ್ಸ್. ಇದೆಲ್ಲ ಬೇಡ."

ಇವಳು ಹುಟ್ಟಿದ ಮೇಲೆ ನಾನು ಲ್ಯಾಬಿನೊಳಗೆ ಕಾಲಿಟ್ಟದ್ದು ಇವತ್ತೇ. ಸಂದರ್ಶನದ ನಡುವೆ ಕರೆದುಕೊಂಡು ಹೋಗಿ ತೋರಿಸಿದರು. ಮೈಕ್ರೋಸ್ಕೋಪಿನ ಮುಂದೆ ಕೂತಿದ್ದ ಹುಡುಗಿ ನಮಗಾಗಿ ಎದ್ದು ನಿಂತಳು. ಯಾರೂ ನೋಡದಾಗ ಅವಳ ಸ್ಟೂಲನ್ನು ಮುಟ್ಟಿದೆ. ಬೆಚ್ಚಗಿತ್ತು. ಕೈಗೆ ಆ ಬಿಸುಪು ಇನ್ನೂ ಅಂಟಿಕೊಂಡೇ ಇದೆ.

ವಿವರಣೆಯನ್ನೆಲ್ಲ ಅಳಿಸಿ ಮೇಲ್ ಕಳಿಸಿದೆ. ಅದು ಬರೀ ಹೊರಡುವ ಮಾತು ಎಂದು ಅವರಿಗೆ ತಿಳಿಸಿ ಏನಾಗಬೇಕು? ಕರೆದರೆ ಸಾಕು, ನಾನು ನಿಜವಾಗಿಯೂ ಬರ್ತೀನಿ.