ಹದಿನೇಳಕ್ಕಿಂತ ಎಂಟೇ ದೊಡ್ಡದೆನ್ನುವ ಕಚೇರಿಗೆ

ಮಾನ್ಯರೇ,

ನಿಮ್ಮ ಪರೀಕ್ಷಾ ಕಚೇರಿಯ ಅರ್ಜಿ ತಂತ್ರಾಂಶವು ಹದಿನೇಳು ಎಂಟಕ್ಕಿಂತ ಚಿಕ್ಕದು ಎಂದು ತೀರ್ಪು ಕೊಟ್ಟಿದೆ. ಆ ತೀರ್ಪಿನಿಂದಾಗಿ ನನ್ನ ತಂಗಿಯ ಅರ್ಜಿ ಕೊನೆಯ ದಿನದೊಳಗೆ ಸಲ್ಲಿಕೆಯಾಗಲಿಲ್ಲ. ಇನ್ನೆರಡು ತಿಂಗಳಿಗೆ ಅವಳಿಗೆ ನಲವತ್ತು ತುಂಬುತ್ತದೆ. ನಲವತ್ತು ತುಂಬಿದವರು ನಿಮ್ಮ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಕೂರುವಂತಿಲ್ಲ. ಅಂದರೆ ಇದು ಅವಳಿಗೆ ಕೊನೆಯ ಅವಕಾಶ. ತಪ್ಪು ನಿಮ್ಮದು, ಶಿಕ್ಷೆ ಅವಳದು. ಮೊದಲು ಕ್ಷೇಮ ಸಮಾಚಾರ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುವಷ್ಟು ವ್ಯವಧಾನ ನನಗಿಲ್ಲ, ಕ್ಷಮಿಸಬೇಕು. ಕ್ಷಮಿಸದಿದ್ದರೂ ನಡೆಯುತ್ತದೆ.

ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಅಂಟು, ದಾರ, ದಬ್ಬಣ, ಕಾಗದ ಒತ್ತುವ ಯಂತ್ರ, ಇವಿಷ್ಟೇ ನನ್ನ ಪ್ರಪಂಚ. ನನ್ನ ತಂಗಿ ಹುಟ್ಟಿದಾಗಿನಿಂದ ಕಣ್ಣು ಕಾಣದವಳು. ದೊಡ್ಡಾಸ್ಪತ್ರೆಯೊಂದರ ಟೆಲಿಫೋನ್ ವಿಭಾಗದಲ್ಲಿ ಹದಿನಾರು ವರ್ಷದಿಂದ ಕೂತಿದ್ದಾಳೆ. ಯಾವ ವಾರ್ಡಿನ ನಂಬರ್ ಕೇಳಿದರೂ ಬಾಯಲ್ಲೇ ಇರುತ್ತದೆ. ಆದರೆ ಅವಳ ಮನಸ್ಸಿರುವುದು ಪಾಠ ಹೇಳುವುದರಲ್ಲಿ. ನಮ್ಮ ಬೀದಿಯ ದರ್ಜಿಯೊಬ್ಬರಿಗೆ ವಯಸ್ಸಾದ ಮೇಲೆ ದೃಷ್ಟಿ ಹೋಯಿತು. ಅವರು ಗೋಡೆಗೆ ಮುಖ ಮಾಡಿ ಕೂತುಬಿಟ್ಟಿದ್ದರು. ಇವಳು ಐದು ತಿಂಗಳು ಸಂಜೆ ಸಂಜೆ ಅವರ ಮನೆಗೆ ಹೋಗಿ, ಅವರ ಹತ್ತಿರ ಬೈಸಿಕೊಂಡು, ಅವರನ್ನು ಬೈದು, ಬೆರಳಿನಲ್ಲಿ ಬ್ರೈಲ್ ಓದುವುದನ್ನು ಕಲಿಸಿದಳು. ಈಗ ಆ ಮನುಷ್ಯ ಕಥೆಪುಸ್ತಕ ತಂದುಕೊಡಿ ಎಂದು ನನ್ನ ಪ್ರಾಣ ತಿನ್ನುತ್ತಾರೆ. ಕಣ್ಣು ಕಾಣದ ಮಕ್ಕಳ ಶಾಲೆಗೆ ಶಿಕ್ಷಕರು ಬೇಕು ಎಂದು ನೀವು ಪ್ರಕಟಣೆ ಹೊರಡಿಸಿದಾಗ, ಈ ಕೆಲಸ ಅವಳಿಗಲ್ಲದೆ ಇನ್ಯಾರಿಗೆ ಎಂದು ನಾವೆಲ್ಲ ಅಂದುಕೊಂಡೆವು. ಎಂಥ ಮುಗ್ಧರು ನಾವು!

ಅರ್ಜಿಯನ್ನು ಕಾಗದದಲ್ಲಿ ಕೊಡುವಂತಿಲ್ಲ, ನಮ್ಮ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಂಡು ಅದರಲ್ಲೇ ತುಂಬಬೇಕು ಎಂದಿರಿ. ಸರಿ. ಆ ತಂತ್ರಾಂಶ ತನ್ನ ಕಾಲ ಮೇಲೆ ತಾನು ನಿಲ್ಲುವುದಿಲ್ಲ. ಅದರ ಕೆಳಗೆ ರನ್‌ಟೈಮ್ ಎಂಬ ಇನ್ನೊಂದು ತಂತ್ರಾಂಶ ಮೊದಲೇ ಇರಬೇಕು ಎಂದಿರಿ. ಅದೂ ಸರಿ. ಆ ರನ್‌ಟೈಮ್ ‘ಎಂಟನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದು’ ಆಗಿರಬೇಕು ಎಂದು ದಪ್ಪಕ್ಷರದಲ್ಲಿ ಬರೆದಿರಿ. ನನ್ನ ತಂಗಿಯ ಕಂಪ್ಯೂಟರಿನಲ್ಲಿದ್ದದ್ದು ಹದಿನೇಳನೆಯದು. ಪರದೆಯ ಮೇಲಿರುವುದನ್ನೆಲ್ಲ ಅವಳಿಗೆ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿದೆ. ಅದು ಒಂದು ಕ್ಷಣ ಸುಮ್ಮನಿರುವುದಿಲ್ಲವಾದ್ದರಿಂದ ಮನೆಯಲ್ಲಿ ಅದಕ್ಕೆ ವಟವಟಮ್ಮ ಎಂದು ಹೆಸರು. ವಟವಟಮ್ಮನಿಗೂ ಅದೇ ಹದಿನೇಳು ಬೇಕು. ಎಲ್ಲ ಕೂಡಿಬಂದಿದೆ ಎಂದುಕೊಂಡು, ಕೊನೆಯ ದಿನಕ್ಕೆ ಇನ್ನೂ ಮೂರು ದಿನ ಇರುವಾಗಲೇ ತಂಗಿ ನಿಮ್ಮ ತಂತ್ರಾಂಶವನ್ನು ಹಾಕಲು ಕೂತಳು.

ಅರ್ಧ ಗಂಟೆಗೆ ಅಂಗಡಿಗೆ ಫೋನ್ ಬಂತು.

“ಅಣ್ಣ, ಒಂದು ಮಾತು ಕೇಳ್ತೀನಿ, ನಗಬೇಡ. ಹದಿನೇಳು ದೊಡ್ಡದೋ ಎಂಟು ದೊಡ್ಡದೋ?”

“ಬೆಳಿಗ್ಗೆ ಬೆಳಿಗ್ಗೆ ಏನಾಯ್ತೇ ನಿಂಗೆ?”

“ನಂಗೇನೂ ಆಗಿಲ್ಲ ಕಣೋ. ‘ನಿಮ್ಮಲ್ಲಿರುವ ಹದಿನೇಳನೇ ಆವೃತ್ತಿ ಎಂಟಕ್ಕಿಂತ ಹಳೆಯದು, ನವೀಕರಿಸಿ’ ಅಂತಿದೆ. ವಟವಟಮ್ಮನ ಹತ್ರ ಮೂರು ಸಲ ಓದಿಸ್ದೆ. ಪಾಪ, ಅವಳೂ ನಾಚಿಕೆ ಇಲ್ದೆ ಮೂರು ಸಲನೂ ಅದನ್ನೇ ಓದಿದ್ಲು.”

ನಿಮ್ಮ ಸಹಾಯವಾಣಿಗೆ ಫೋನ್ ಹಚ್ಚಿದೆವು. ನಲವತ್ತು ನಿಮಿಷ ಸಂಗೀತ ಕೇಳಿಸಿದಿರಿ. ಆಮೇಲೆ ಬಂದ ಹೆಣ್ಣುಮಗಳು, “ಮೇಡಂ, ಹಳೇದು ಅಂತ ಬಂದ್ರೆ ಹೊಸದು ಹಾಕ್ಕೊಬೇಕು” ಎಂದಳು. ಹಾಕಿಕೊಂಡೆವು. ಇಪ್ಪತ್ತೊಂದನೆಯದು, ಅದಕ್ಕಿಂತ ಹೊಸದು ನಮಗೆ ಸಿಗಲಿಲ್ಲ. ನಿಮ್ಮ ತಂತ್ರಾಂಶ ಅದನ್ನೂ ನೋಡಿ ಮೂಗು ಮುರಿಯಿತು: ಇಪ್ಪತ್ತೊಂದು ಎಂಟಕ್ಕಿಂತ ಹಳೆಯದು! ಮತ್ತೆ ಫೋನ್, ಮತ್ತೆ ಸಂಗೀತ. “ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ.” ಮಾಡಿದೆವು. ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದರೆ ಲೆಕ್ಕದ ಮಗ್ಗಿ ಬದಲಾಗುತ್ತದೆಯೇ, ಮಾನ್ಯರೇ? ನಿಮ್ಮ ಕಚೇರಿಯಲ್ಲಿ ಬದಲಾಗುತ್ತದೇನೋ, ನನಗೆ ತಿಳಿಯದು.

ಮರುದಿನ ನನ್ನ ಅಂಗಡಿಯ ಎದುರು ಕಂಪ್ಯೂಟರ್ ರಿಪೇರಿ ಮಾಡುವವರನ್ನು ಮನೆಗೆ ಕರೆದೊಯ್ದೆ. ಅವರು ಕಾಲು ಗಂಟೆ ನೋಡಿ, ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತಂಗಿಯ ಮುಖ ನೋಡಿ ನಗು ನಿಲ್ಲಿಸಿದರು. ಅವರು ಹೇಳಿದ್ದಿಷ್ಟು: ನಿಮ್ಮ ತಂತ್ರಾಂಶ ಬರೆದ ಪುಣ್ಯಾತ್ಮ ಸಂಖ್ಯೆಗಳನ್ನು ಸಂಖ್ಯೆಗಳಂತೆ ಹೋಲಿಸಿಲ್ಲ, ನಿಘಂಟಿನಲ್ಲಿ ಪದಗಳನ್ನು ಜೋಡಿಸುವ ಹಾಗೆ ಮೊದಲ ಅಂಕಿ ನೋಡಿ ಹೋಲಿಸಿದ್ದಾನೆ. ಹದಿನೇಳರ ಮೊದಲ ಅಂಕಿ ಒಂದು. ಒಂದು ಎಂಟಕ್ಕಿಂತ ಹಿಂದೆ. ಆದ್ದರಿಂದ ಹದಿನೇಳು ಹಳೆಯದು. ಇಪ್ಪತ್ತೊಂದರ ಮೊದಲ ಅಂಕಿ ಎರಡು, ಅದೂ ಹಳೆಯದು. ಹೀಗಾಗಿ ಎಂಟು ನಡೆಯುತ್ತದೆ, ಒಂಬತ್ತು ನಡೆಯುತ್ತದೆ, ಆಮೇಲೆ ಎಂಬತ್ತನೇ ಆವೃತ್ತಿ ಬರುವವರೆಗೆ ಯಾವುದೂ ನಡೆಯುವುದಿಲ್ಲ. “ಅಷ್ಟೊತ್ತಿಗೆ ನಾವ್ಯಾರೂ ಇರಲ್ಲ ಬಿಡಿ” ಎಂದರು. ಹಳೆಯ ಎಂಟನ್ನೂ ನಮ್ಮ ಹೊಸ ಆವೃತ್ತಿಗಳನ್ನೂ ಒಟ್ಟಿಗೆ ಇಟ್ಟು ನೋಡಿದರು. ನಿಮ್ಮ ತಂತ್ರಾಂಶ ಹುಡುಕಿ ಹುಡುಕಿ ಹೊಸದನ್ನೇ ಹಿಡಿದು ಮತ್ತೆ ಅದೇ ರಾಗ ಹಾಡಿತು.

ಮೂರನೆಯ ಸಲ ಸಹಾಯವಾಣಿಗೆ ಫೋನ್ ಮಾಡಿದಾಗ, ಬೇರೊಬ್ಬರು ಗುಟ್ಟು ಹೇಳುವವರ ದನಿಯಲ್ಲಿ ಹೇಳಿದರು: “ಇರೋದನ್ನೆಲ್ಲ ತೆಗೆದು ಎಂಟು ಮಾತ್ರ ಹಾಕಿ ಸಾರ್. ನಮ್ಮ ಆಫೀಸಲ್ಲೂ ಎಲ್ಲಾ ಕಂಪ್ಯೂಟರಲ್ಲೂ ಎಂಟೇ ಇಟ್ಟಿದೀವಿ. ಹೊಸದು ಹಾಕಿದ್ರೆ ಓಡಲ್ಲ.” ಅಂದರೆ ನಿಮಗೆ ಗೊತ್ತು! ಗೊತ್ತಿದ್ದೂ ‘ಎಂಟು ಅಥವಾ ಅದಕ್ಕಿಂತ ಹೊಸದು’ ಎಂದು ಬರೆದು, ನಿಮ್ಮ ಮನೆಯಲ್ಲಿ ಮಾತ್ರ ಎಂಟನ್ನು ಇಟ್ಟುಕೊಂಡು ಬೆಚ್ಚಗೆ ಕೂತಿದ್ದೀರಿ. ಇದಕ್ಕೆ ಏನು ಹೆಸರಿಡಬೇಕು, ನೀವೇ ಹೇಳಿ. ನನ್ನ ಬಾಯಲ್ಲಿ ಬರುವ ಹೆಸರನ್ನು ಈ ಬಹಿರಂಗ ಪತ್ರ ಪ್ರಕಟಿಸುವ ಪತ್ರಿಕೆಯವರು ಅಚ್ಚು ಹಾಕಲಾರರು.

ವಿಧಿಯಿಲ್ಲದೆ ಹದಿನೇಳು, ಇಪ್ಪತ್ತೊಂದು ಎರಡನ್ನೂ ಕಿತ್ತು ಎಂಟನ್ನು ಹಾಕಿಸಿದೆವು. ನಿಮ್ಮ ಅರ್ಜಿ ತೆರೆಯಿತು. ವಟವಟಮ್ಮನ ಬಾಯಿ ಮುಚ್ಚಿತು. ಎಂಟರಲ್ಲಿ ಅವಳು ಮಾತಾಡಲಾರಳು. ತಂಗಿ ಕೀಲಿಗಳನ್ನು ಒತ್ತುತ್ತಲೇ ಇದ್ದಳು, ಕಂಪ್ಯೂಟರು ತುಟಿ ಬಿಚ್ಚಲಿಲ್ಲ. ಬೇರೆ ಕಂಪ್ಯೂಟರಿನಲ್ಲಿ ತುಂಬಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲೂ ಎಂಟಿದ್ದರೆ ದನಿಯಿಲ್ಲ, ದನಿಯಿದ್ದರೆ ಎಂಟಿಲ್ಲ. ಕಣ್ಣು ಕಾಣದ ಮಕ್ಕಳಿಗೆ ಪಾಠ ಹೇಳುವವರು ಬೇಕು ಎಂದು ಕರೆದು, ಕಣ್ಣು ಕಾಣದವರು ಒಳಗೆ ಬರದ ಹಾಗೆ ಬಾಗಿಲು ಮಾಡಿಸಿದ್ದೀರಿ. ಎಷ್ಟು ಯೋಚಿಸಿದರೂ ನನಗೆ ಇಷ್ಟು ಅಚ್ಚುಕಟ್ಟಾಗಿ ಮಾಡಲು ಬರುತ್ತಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ನಾನೇ ಅವಳ ಪಕ್ಕ ಕೂತೆ. ನಾನು ಓದಿದೆ, ಅವಳು ಹೇಳಿದಳು, ನಾನು ಒಂದೇ ಬೆರಳಿನಲ್ಲಿ ಕುಟ್ಟಿದೆ. ಹನ್ನೊಂದು ಪುಟ. ಕೊನೆಯ ಪುಟದಲ್ಲಿ ಒಂದು ಘೋಷಣೆ, ಅದರ ಪಕ್ಕದಲ್ಲಿ ಪುಟ್ಟ ಚೌಕ: ‘ಈ ಅರ್ಜಿಯನ್ನು ಬೇರೆ ಯಾರ ನೆರವನ್ನೂ ಪಡೆಯದೆ ನಾನೇ ಓದಿ ತುಂಬಿದ್ದೇನೆ.’ ಅಲ್ಲಿ ಟಿಕ್ ಹಾಕದೆ ಅರ್ಜಿ ಮುಂದೆ ಹೋಗುವುದಿಲ್ಲ. ನಾನು ಅದನ್ನು ಓದಿ ಹೇಳಿ, ಟಿಕ್ ಹಾಕಲು ಕೈ ಮುಂದೆ ಮಾಡಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

“ಬೇಡ ಅಣ್ಣ.”

“ಏನು ಬೇಡ?”

“ನಾನು ಓದಿಲ್ವಲ್ಲ. ನೀನು ಓದಿದ್ದು, ನೀನು ತುಂಬಿದ್ದು.”

“ಅಯ್ಯೋ, ಇದನ್ನೆಲ್ಲ ಯಾರು ನೋಡ್ತಾರೆ ಕಣೇ! ಎಲ್ಲರೂ ಹಾಕ್ತಾರೆ. ಸುಮ್ನೆ ಒಂದು ಟಿಕ್ಕು.”

“ನಾನೇ ಓದ್ಕೊಂಡು ತುಂಬೋಕೆ ಬರುತ್ತೆ ನಂಗೆ. ಇಪ್ಪತ್ತು ವರ್ಷದಿಂದ ನನ್ನ ಕಾಗದಪತ್ರ ಎಲ್ಲಾ ನಾನೇ ಮಾಡ್ಕೊಂಡಿದೀನಿ. ಅವರ ತಪ್ಪಿಗೆ ನಾನ್ಯಾಕೆ ಸುಳ್ಳು ಬರೀಲಿ? ನಾಳೆ ಕಾಪಿ ಹೊಡೆದ ಮಗೂಗೆ ಯಾವ ಮುಖ ಇಟ್ಕೊಂಡು ಬೈಲಿ?”

ನಾನು ಗದರಿದೆ. ಬೇಡಿಕೊಂಡೆ. ದೊಡ್ಡ ಸತ್ಯವಂತೆ ಇವಳು ಎಂದು ಮೂದಲಿಸಿದೆ, ಅದನ್ನೂ ಮುಚ್ಚಿಡುವುದಿಲ್ಲ. ನನ್ನ ಹೆಂಡತಿ ಅಡುಗೆಮನೆಯಿಂದ ಓಡಿಬಂದು, “ಯಾಕ್ರೀ ಹೀಗೆ ಕೂಗಾಡ್ತೀರಾ, ಅವಳೇನು ತಪ್ಪು ಹೇಳಿದ್ಲು?” ಎಂದು ನನ್ನ ಮೇಲೇ ಹರಿಹಾಯ್ದಳು. ತಂಗಿ ಎದ್ದು ಚಪ್ಪಲಿ ಮೆಟ್ಟಿ, ಅರ್ಜಿಯ ಮಾಹಿತಿಯನ್ನೆಲ್ಲ ಕಾಗದದಲ್ಲಿ ಬರೆದುಕೊಡು, ಕಚೇರಿಗೇ ಹೋಗೋಣ ಎಂದಳು.

ನಿಮ್ಮ ಕಚೇರಿಗೆ ಮಧ್ಯಾಹ್ನ ಮೂರಕ್ಕೆ ಬಂದೆವು. ನಾಲ್ಕನೇ ಕಿಟಕಿಯ ಗುಮಾಸ್ತರು ಬಿಸಿನೀರಿನ ಲೋಟವನ್ನು ಊದುತ್ತ, “ಕಾಗದದಲ್ಲಿ ತಗೊಳಲ್ಲಮ್ಮ” ಎಂದರು. ತಂಗಿ ಹದಿನೇಳು ಮತ್ತು ಎಂಟರ ಕಥೆಯನ್ನು ದನಿ ಏರಿಸದೆ ಹೇಳಿದಳು. ಅವರು ಕೇಳಿಸಿಕೊಂಡು, “ಸಿಸ್ಟಂ ತಗೊಂಡಿಲ್ಲ ಅಂದ್ರೆ ನಿಮ್ಮ ಸಿಸ್ಟಂ ಸರಿ ಇಲ್ಲ ಅಂತ” ಎಂದು ಕಿಟಕಿ ಎಳೆದರು. ಐದರವರೆಗೆ ಬೆಂಚಿನ ಮೇಲೆ ಕೂತಿದ್ದೆವು. ಮುಖ್ಯಸ್ಥರಾದ ನಿಮ್ಮ ಕೋಣೆಯ ಬಾಗಿಲು ಅಲ್ಲಿಂದ ಕಾಣುತ್ತಿತ್ತು. ಸಾಹೇಬರು ಸಭೆಯಲ್ಲಿದ್ದಾರೆ ಎಂದು ಎರಡು ಸಲ ಹೇಳಿಸಿದಿರಿ. ನಾವು ಬಂದದ್ದಕ್ಕೆ ಸಾಕ್ಷಿ ಬೇಕಿದ್ದರೆ ಬಾಗಿಲ ಬಳಿಯ ಭೇಟಿ ಪುಸ್ತಕದಲ್ಲಿ ಅವಳ ಸಹಿಯಿದೆ, ಗಂಟೆಯೂ ಇದೆ.

ನಡೆದದ್ದನ್ನೆಲ್ಲ ಬರೆದು ಮರುದಿನವೇ ನಿಮಗೆ ದೂರು ಕಳಿಸಿದೆವು. ಹನ್ನೊಂದು ದಿನದ ಮೇಲೆ ಉತ್ತರ ಬಂತು. ಕಣ್ಣು ಕಾಣದವಳಿಗೆ ಸಣ್ಣಕ್ಷರದಲ್ಲಿ ಅಚ್ಚಾದ ಕಾಗದ. ನಾನು ಓದಿದೆ: ‘ಅಭ್ಯರ್ಥಿಯು ನಿಗದಿತ ಆವೃತ್ತಿಯನ್ನು ಹೊಂದಿರದ ಕಾರಣ ಹಾಗೂ ಘೋಷಣೆಗೆ ಸಮ್ಮತಿಸದ ಕಾರಣ, ಸದರಿ ನಿರ್ಲಕ್ಷ್ಯಕ್ಕೆ ಈ ಕಚೇರಿಯು ಹೊಣೆಯಲ್ಲ.’ ತಂಗಿ, “ನಿರ್ಲಕ್ಷ್ಯ ಅಂತ ಇದೆಯಾ? ಇನ್ನೊಂದ್ಸಲ ಓದು” ಎಂದಳು. ಓದಿದೆ. ಅವಳು ಮುಖ ತೊಳೆದುಕೊಂಡು ಪಾಳಿಗೆ ಹೋದಳು. ನಾನು ಈ ಪತ್ರ ಬರೆಯಲು ಕೂತದ್ದು ಆಗ.

ನಿರ್ಲಕ್ಷ್ಯ ಎಂದರೇನು ಎಂದು ನಾನು ಹೇಳುತ್ತೇನೆ ಕೇಳಿ. ವರ್ಷಗಳ ಹಿಂದೆ ತಂಗಿ ತನ್ನ ಬ್ರೈಲ್ ಟಿಪ್ಪಣಿಗಳನ್ನು ಕಟ್ಟಿಕೊಡು ಎಂದು ಕೊಟ್ಟಿದ್ದಳು. ನಾನು ಎಲ್ಲ ಪುಸ್ತಕಗಳಿಗೂ ಮಾಡುವ ಹಾಗೆ ಹೊಲಿದು, ಅಂಟು ಹಚ್ಚಿ, ಒತ್ತುವ ಯಂತ್ರದಲ್ಲಿಟ್ಟು ಬಿಗಿದುಬಿಟ್ಟೆ. ಬೆಳಿಗ್ಗೆ ತೆಗೆದು ಕೊಟ್ಟಾಗ ಅವಳ ಬೆರಳು ಪುಟದ ಮೇಲೆ ಹಾಗೇ ಜಾರಿತು. ಉಬ್ಬಿದ ಚುಕ್ಕಿಗಳೆಲ್ಲ ಚಪ್ಪಟೆ. ಒಂದು ವರ್ಷದ ಓದು ಬಿಳಿ ಹಾಳೆಯಾಗಿತ್ತು. ಅವಳು ಅತ್ತಳು, ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟಳು. ನಾನು ಅವಳ ಬೆರಳಿನದ್ದೇ ದೋಷ ಎನ್ನಲಿಲ್ಲ. ನನ್ನಿಂದ ತಪ್ಪಾಯಿತು ಎಂದೆ. ಅಷ್ಟನ್ನೂ ಅವಳು ಮತ್ತೆ ಬ್ರೈಲ್‌ನಲ್ಲಿ ಕುಟ್ಟುವವರೆಗೆ ಪಕ್ಕದಲ್ಲಿ ಕೂತು ಅಚ್ಚಿನ ಪುಸ್ತಕಗಳಿಂದ ಓದಿ ಹೇಳಿದೆ. ಅಂದಿನಿಂದ ಒತ್ತದೆ ಕಟ್ಟುವುದನ್ನು ಕಲಿತೆ. ರಟ್ಟು ಕಟ್ಟುವವನಿಗೆ ಬರುವ ಇಷ್ಟು ಮರ್ಯಾದೆ ಇಡೀ ಒಂದು ಕಚೇರಿಗೆ ಬರಬಾರದೇ?

ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನವಿದೆ. ಮುಂದಿನ ವರ್ಷ ಅರ್ಜಿ ಹಾಕಲಿ ಎಂದು ಕೈ ತೊಳೆದುಕೊಳ್ಳಬೇಡಿ. ಮುಂದಿನ ವರ್ಷ ನಿಮ್ಮ ತಂತ್ರಾಂಶ ಅವಳ ವಯಸ್ಸನ್ನು ಮಾತ್ರ ಒಂದು ದಿನವೂ ತಪ್ಪದೆ ಲೆಕ್ಕ ಹಾಕುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಈಗಲೇ ಕೇಳುತ್ತಿದ್ದೇನೆ: ಭೇಟಿ ಪುಸ್ತಕದಲ್ಲಿರುವ ದಿನಾಂಕವನ್ನೇ ಅರ್ಜಿಯ ದಿನಾಂಕವೆಂದು ಹಿಡಿದು ಅವಳ ಕಾಗದದ ಅರ್ಜಿಯನ್ನು ತೆಗೆದುಕೊಳ್ಳಿ, ಪ್ರವೇಶಪತ್ರ ಕೊಡಿ. ಆ ‘ನಿರ್ಲಕ್ಷ್ಯ’ ಎಂಬ ಪದವನ್ನು ಲಿಖಿತವಾಗಿ ಹಿಂದಕ್ಕೆ ಪಡೆಯಿರಿ, ಅದೂ ಅವಳು ತಾನೇ ಓದುವ ಬ್ರೈಲ್‌ನಲ್ಲಿ. ಕರುಣೆ ತೋರಿಸಿ ಎನ್ನುತ್ತಿಲ್ಲ. ಪರೀಕ್ಷೆಯಲ್ಲಿ ಫೇಲಾದರೆ ಫೇಲ್ ಮಾಡಿ, ನಾವು ತುಟಿ ಪಿಟಕ್ಕೆನ್ನುವುದಿಲ್ಲ.

ಈ ಪತ್ರ ಬರೆಯುತ್ತಿರುವುದು ತಂಗಿಗೆ ಗೊತ್ತು. ಪೂರ್ತಿ ಓದಿಸಿಕೊಂಡು ಕೇಳಿದಳು. ಬೈಗುಳ ಜಾಸ್ತಿಯಾಯಿತು ಎಂದು ನಾಲ್ಕು ಸಾಲು ತೆಗೆಸಿದಳು. ತಾನು ಟಿಕ್ ಹಾಕದೇ ಇದ್ದದ್ದನ್ನು ದೊಡ್ಡಸ್ತಿಕೆ ಎಂಬಂತೆ ಬರೆಯಬೇಡ ಎಂದಳು. ಹಾಗಾದರೆ ನಾನು ಗದರಿದ ವಿಷಯವನ್ನೂ ಬಿಟ್ಟುಬಿಡಲೇ ಎಂದು ಕೇಳಿದೆ. “ಬೇಡ, ಅದನ್ನ ಬರಿ” ಎಂದಳು.

ಇಂತಿ, ನಿಮ್ಮಲ್ಲಿ ಯಾವ ವಿಶ್ವಾಸವೂ ಉಳಿಯದ,
ಸುಳ್ಳಿಗೆ ಟಿಕ್ ಹಾಕು ಎಂದು ತಂಗಿಯನ್ನು ಗದರಿದ ಅಣ್ಣ